ಮುಚ್ಚಳದ ಬಟ್ಟೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಶಿವೂ,

ಶಾಲೆಯ ಮಕ್ಕಳಿಂದ ಶಿಲ್ಪಿ ಎಲ್ ಅನಾಟ್ಸುಯಿ ಮಾದರಿಯ ಮುಚ್ಚಳದ ಪರದೆ ಮಾಡಿಸಿ, ಅದಕ್ಕೆ ‘ಕಸದಿಂದ ರಸ’ ಎಂದು ಹೆಸರಿಡುತ್ತೇನೆ ಅಂತ ಬರೆದಿದ್ದೀಯ. ಮಾಡಿಸು. ಹೆಸರು ಮಾತ್ರ ಬೇಡ ಮಾರಾಯ, ಅದರಿಂದ ಕೃತಿಯ ಅರ್ಧ ಅರ್ಥವೇ ಹೋಗಿಬಿಡುತ್ತದೆ.

ಅನಾಟ್ಸುಯಿ 1944ರಲ್ಲಿ ಘಾನಾದಲ್ಲಿ ಹುಟ್ಟಿದವರು. 1975ರಿಂದ ದಶಕಗಳ ಕಾಲ ನೈಜೀರಿಯಾದ ನ್ಸುಕ್ಕಾ ಊರಿನ ವಿಶ್ವವಿದ್ಯಾಲಯದಲ್ಲಿ ಶಿಲ್ಪಕಲೆಯ ಮೇಷ್ಟ್ರಾಗಿದ್ದರು. 1990ರ ದಶಕದ ಕೊನೆಗೆ ಅವರಿಗೆ ಮದ್ಯದ ಬಾಟಲಿಗಳ ಮುಚ್ಚಳ ತುಂಬಿದ ಚೀಲವೊಂದು ಸಿಕ್ಕಿತು. ಅಂಥ ಮುಚ್ಚಳಗಳನ್ನೇ ತಾಮ್ರದ ತಂತಿಯಿಂದ ಹೆಣೆದು ಬಟ್ಟೆಯಂತೆ ಇಳಿಬೀಳುವ ದೊಡ್ಡ ಪರದೆಗಳನ್ನು ಮಾಡಿದರು. ಆ ಮುಚ್ಚಳಗಳಲ್ಲಿ ಅವರು ಕಂಡದ್ದು ಹಳೆಯ ವ್ಯಾಪಾರವನ್ನು. ಪಶ್ಚಿಮ ಆಫ್ರಿಕಾದ ಕರಾವಳಿಗೆ ಯುರೋಪಿನವರು ತಂದ ಸರಕುಗಳಲ್ಲಿ ಮದ್ಯವೂ ಒಂದು. ಅಲ್ಲಿಂದ ಜನರನ್ನು ಹಡಗಿಗೇರಿಸಿ ಅಟ್ಲಾಂಟಿಕ್ ದಾಟಿಸಿದರು, ಕಬ್ಬಿನ ತೋಟದಲ್ಲಿ ದುಡಿಸಿದರು, ಆ ಕಬ್ಬಿನ ಕಾಕಂಬಿಯಿಂದ ರಮ್ ಇಳಿಸಿದರು. ರಮ್ ಮತ್ತೆ ಆ ಕರಾವಳಿಗೇ ಬಂತು. ಅನಾಟ್ಸುಯಿ ಮುಚ್ಚಳವನ್ನೇ ಆರಿಸಿಕೊಂಡದ್ದರ ಹಿಂದೆ ಇಷ್ಟು ಕತೆಯಿದೆ. ಬರಿಯ ಕಸ ಎಂದರೆ ಅದೆಲ್ಲ ಮರೆಯಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ಬೇಕಾದ್ದು ತಿರುಗಿಸಿ ತೆಗೆಯುವ ಅಲ್ಯೂಮಿನಿಯಂ ಮುಚ್ಚಳ. ಸೋಡಾ ಬಾಟಲಿಯದು ಉಕ್ಕಿನ ತಗಡು, ಮಕ್ಕಳ ಕೈಗೆ ಬಗ್ಗುವುದಿಲ್ಲ, ತುಕ್ಕೂ ಹಿಡಿಯುತ್ತದೆ. ಶಾಲೆಗೆ ಮದ್ಯದ ಮುಚ್ಚಳ ಬೇಡವೆನಿಸಿದರೆ ಔಷಧದ ಸಿರಪ್ ಬಾಟಲಿಯವನ್ನು ತೆಗೆದುಕೋ. ಆಗ ಪರದೆ ನಿಮ್ಮೂರಿನ ಕಾಯಿಲೆಗಳ ಕತೆ ಹೇಳುತ್ತದೆ, ಅದೂ ಹೇಳತಕ್ಕದ್ದೇ.

ಒಂದು ಮುಚ್ಚಳದಿಂದ ಮೂರು ಬಗೆಯ ತುಂಡು ಸಿಗುತ್ತದೆ: ಮೇಲಿನ ಬಿಲ್ಲೆ, ಪಕ್ಕದ ಪಟ್ಟಿ, ಕೆಳಗಿನ ಉಂಗುರ. ಬಿಲ್ಲೆ ಒತ್ತಾಗಿ ಕೂರುತ್ತದೆ. ಪಟ್ಟಿಯನ್ನು ಮಡಚಿದರೆ ನೇಯ್ಗೆಯಂತೆ ಕಾಣುತ್ತದೆ. ಉಂಗುರಗಳ ಜಾಲದಲ್ಲಿ ಬೆಳಕು ಹಾಯುತ್ತದೆ. ಕತ್ತರಿಸಿದ ಅಂಚು ಕೈ ಕುಯ್ಯುತ್ತದೆ, ಆದ್ದರಿಂದ ಕತ್ತರಿ ಕೆಲಸ ದೊಡ್ಡವರದೇ ಆಗಲಿ. ಮರದ ಕೊಡತಿಯಿಂದ ಚಪ್ಪಟೆ ಮಾಡಿ, ಹಲಗೆಯ ಮೇಲಿಟ್ಟು ಮೊಳೆಯಿಂದ ನಾಲ್ಕು ತೂತು ಹೊಡೆಯಿರಿ. ತೂತು ಅಂಚಿನಿಂದ 3–4 ಮಿ.ಮೀ. ಒಳಗಿರಲಿ. ಅಂಚಿಗೇ ಹೊಡೆದರೆ ಭಾರಕ್ಕೆ ಹರಿಯುತ್ತದೆ.

ಕಟ್ಟಲು ತಾಮ್ರದ ತಂತಿ. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುವ ಅರ್ಧ ಮಿ.ಮೀ. ತಂತಿ ಸಾಕು, ಅದರ ಮೇಲಿನ ಎನಾಮೆಲ್ ಲೇಪವೂ ಒಳ್ಳೆಯದೇ. ತೇವದಲ್ಲಿ ಬರಿಯ ತಾಮ್ರ ತಗುಲಿದ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. 3 ಸೆಂ.ಮೀ. ಬಿಲ್ಲೆಯಾದರೆ ಚದರಡಿಗೆ ಸುಮಾರು 100 ಬೇಕು. 5 ಅಡಿ ಉದ್ದ, 4 ಅಡಿ ಅಗಲದ ಪರದೆಗೆ 2,000 ಬಿಲ್ಲೆ, ಹತ್ತಿರ ಹತ್ತಿರ 4,000 ಗಂಟು. ಗಂಟಿಗೆ 5 ಸೆಂ.ಮೀ. ಹಿಡಿದರೂ 200 ಮೀಟರ್ ತಂತಿ, ತೂಕದಲ್ಲಿ ಸುಮಾರು 350 ಗ್ರಾಂ.

ಹೆಚ್ಚು ಕೆಡುವುದು ಗಂಟಿನಲ್ಲೇ. ತಂತಿಯನ್ನು ಬಿಗಿದುಬಿಟ್ಟರೆ ಪರದೆ ತಗಡಿನಂತೆ ನಿಲ್ಲುತ್ತದೆ, ನೆರಿಗೆ ಬೀಳುವುದೇ ಇಲ್ಲ. ಬಿಲ್ಲೆ ಅತ್ತಿತ್ತ ವಾಲುವಷ್ಟು ಸಡಿಲ ಬಿಡಿ. ನ್ಸುಕ್ಕಾದಲ್ಲಿ ಸಹಾಯಕರು ಮೊದಲು ಸಣ್ಣ ಸಣ್ಣ ತುಂಡುಗಳನ್ನು ಕಟ್ಟುತ್ತಾರೆ, ಅನಾಟ್ಸುಯಿ ಅವನ್ನು ನೆಲದ ಮೇಲೆ ಹಾಸಿ, ಜಾಗ ಬದಲಿಸುತ್ತಾ ನೋಡಿ ಜೋಡಿಸುತ್ತಾರೆ. ನೀನೂ ಹಾಗೇ ಮಾಡು: ಮಗುವಿಗೊಂದು ಚದರಡಿ.

ತೂಗುಹಾಕುವಾಗ ಎರಡೇ ಮೂಲೆಗೆ ನೇತುಹಾಕಬೇಡ, ಪೂರ್ತಿ ಭಾರ ಆ ತೂತುಗಳ ಮೇಲೆ ಬೀಳುತ್ತದೆ. ಮೇಲಂಚಿನುದ್ದಕ್ಕೂ ಅರ್ಧ ಅಡಿಗೊಂದು ಮೊಳೆಯಿರಲಿ. ನಡುವೆ ಅಲ್ಲಲ್ಲಿ ಎತ್ತಿ ಕಟ್ಟಿದರೆ ಉಬ್ಬು, ಕಣಿವೆ ಮೂಡುತ್ತವೆ. ಹೇಗೆ ಎತ್ತಬೇಕೆಂದು ಅನಾಟ್ಸುಯಿ ಕಟ್ಟಳೆ ಹಾಕುವುದಿಲ್ಲ, ತೂಗುಹಾಕುವವರಿಗೇ ಬಿಡುತ್ತಾರೆ. ಹೀಗಾಗಿ ಒಂದೇ ಕೃತಿ ಒಂದು ಊರಿನಲ್ಲಿದ್ದಂತೆ ಇನ್ನೊಂದು ಊರಿನಲ್ಲಿ ಇರುವುದಿಲ್ಲ. ಮೇಷ್ಟ್ರೊಬ್ಬರು ತಮ್ಮ ಮಾತೇ ಕೊನೆಯದಾಗದಂತೆ ನೋಡಿಕೊಂಡದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 2015ರಲ್ಲಿ ವೆನಿಸ್ ಬಿನಾಲೆ ಎಂಬ ಕಲಾಮೇಳದ ಜೀವಮಾನ ಸಾಧನೆಯ ‘ಚಿನ್ನದ ಸಿಂಹ’ ಪ್ರಶಸ್ತಿ ಅವರಿಗೆ ಬಂತು. 2023ರಲ್ಲಿ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲಿನಲ್ಲಿ ಅವರ ಪರದೆಗಳು ತೂಗಿದವು. ಟೇಟ್ ಎಂಬ ಹೆಸರು ಬಂದದ್ದು ಸಕ್ಕರೆ ವ್ಯಾಪಾರಿ ಹೆನ್ರಿ ಟೇಟ್‌ನಿಂದ. ಕಬ್ಬಿನ ಕತೆ ಅಲ್ಲಿಗೂ ತಲುಪಿತು ನೋಡು.

ಇನ್ನೊಂದು ಮಾತು. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಅವರ ಹಿರಿಯರಲ್ಲಿ ಎಷ್ಟೋ ಮಂದಿಯನ್ನು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದವರು ಪೋರ್ಚುಗೀಸರು. ನ್ಸುಕ್ಕಾದ ಕೆಲಸಕ್ಕೂ ಈ ಹೊಲಿಗೆಗೂ ನೇರ ನಂಟಿಲ್ಲ, ಆದರೆ ಎರಡರ ಹಿಂದೆಯೂ ಮನುಷ್ಯರನ್ನು ಮಾರಿದ ಹಡಗುಗಳಿವೆ. ಮಕ್ಕಳಿಗೆ ಮೊದಲು ಒಂದು ಕೌದಿ ತೋರಿಸು, ಆಮೇಲೆ ಮುಚ್ಚಳ ಕೊಡು.

ನಿನ್ನ ಗೆಳೆಯ