ನೆರೆ ಬಂದಾಗ ಮಕ್ಕಳು ಯಾರ ಜೊತೆಗಿರುತ್ತಾರೆ: ಪೋಷಕರಿಗೆ ಮುಖ್ಯ ಶಿಕ್ಷಕರ ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಬಾದಾಮಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ

ವಿಷಯ: ನೆರೆ ಮತ್ತು ಸ್ಥಳಾಂತರದ ಸಂದರ್ಭದಲ್ಲಿ ಮಕ್ಕಳ ರಕ್ಷಣೆ ಕುರಿತು

ಮಾನ್ಯ ಪಾಲಕ ಬಂಧುಗಳಿಗೆ ನಮಸ್ಕಾರಗಳು.

ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಮಳೆ ಹಿಡಿದು ನವಿಲುತೀರ್ಥ ಅಣೆಕಟ್ಟಿನ ಗೇಟು ತೆರೆದರೆ ಎಷ್ಟು ಹೊತ್ತಿಗೆ ನಮ್ಮೂರ ಅಗಸಿಗೆ ನೀರು ಬರುತ್ತದೆ ಎಂಬ ಲೆಕ್ಕ ನಿಮ್ಮ ಮನೆಯ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ದನಗಳನ್ನು ಯಾವ ದಿಕ್ಕಿಗೆ ಹೊಡೆಯಬೇಕು, ಜೋಳದ ಚೀಲಗಳನ್ನು ಯಾರ ಮಾಳಿಗೆಗೆ ಏರಿಸಬೇಕು, ರೇಷನ್ ಕಾರ್ಡು, ಉತಾರ, ಪಾಸ್‌ಬುಕ್ಕುಗಳನ್ನು ಯಾವ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು ಎಂಬುದನ್ನೆಲ್ಲ ಎರಡು ದೊಡ್ಡ ನೆರೆಗಳು ನಮಗೆ ಕಲಿಸಿವೆ. ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ತಯಾರಿ ಅವರನ್ನು ಎತ್ತಿಕೊಂಡು ಮೇಲಕ್ಕೆ ಹೋಗುವಲ್ಲಿಗೆ ನಿಂತುಬಿಡುತ್ತದೆ. ಹೋದ ಮೇಲಿನ ಹದಿನೈದು ದಿನ, ಒಂದು ತಿಂಗಳು, ಆ ಮಗು ಯಾರ ಪಕ್ಕದಲ್ಲಿ ಮಲಗುತ್ತದೆ, ಯಾರ ಬೈಕ್ ಹತ್ತುತ್ತದೆ, ಯಾರು ಕೊಟ್ಟದ್ದನ್ನು ಇಸಿದುಕೊಳ್ಳುತ್ತದೆ ಎಂದು ನಾವು ಯಾರೂ ಮೊದಲೇ ಕೂತು ಮಾತಾಡಿದ್ದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ. ಓದಲು ಬಾರದವರು ದಯವಿಟ್ಟು ಇದನ್ನು ನಿಮ್ಮ ಮಕ್ಕಳಿಂದ ಓದಿಸಬೇಡಿ. ಅಕ್ಕಪಕ್ಕದ ದೊಡ್ಡವರಿಂದ ಓದಿಸಿಕೊಳ್ಳಿ, ಇಲ್ಲವೇ ಶನಿವಾರ ಶಾಲೆಗೆ ಬನ್ನಿ, ನಾನೇ ಓದಿ ಹೇಳುತ್ತೇನೆ.

2009ರ ನೆರೆಯ ನಂತರ ಸರ್ಕಾರದ ಆಸರೆ ಯೋಜನೆಯ ಮನೆಗಳು ಬಂದವು, ಅರ್ಧ ಊರು ನವಗ್ರಾಮಕ್ಕೆ ಏರಿತು. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಹೊಳೆ ನುಗ್ಗಿದಾಗ ಎತ್ತರದಲ್ಲಿರುವ ನಮ್ಮ ಶಾಲೆಯೇ ಕಾಳಜಿ ಕೇಂದ್ರ, ಅಂದರೆ ನೆರೆ ಸಂತ್ರಸ್ತರು ತಂಗುವ ಜಾಗವಾಯಿತು. ಆ ದಿನಗಳಲ್ಲಿ ಈ ಶಾಲೆಯ ಜವಾಬ್ದಾರಿ ನನ್ನ ಮೇಲೆಯೇ ಇತ್ತು. ಆಗ ನನ್ನಿಂದ ಆದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಮೂರನೆಯ ದಿನದ ಸಂಜೆ, ಎಮ್ಮೆ ನೋಡಿಕೊಂಡು ಬರಲು ತಾಯಿ ಊರ ಕಡೆ ಹೋಗಿದ್ದ ಹೊತ್ತಿನಲ್ಲಿ, ಬೈಕಿನಲ್ಲಿ ಬಂದ ಒಬ್ಬರು ತಾವು ಸೋದರಮಾವ ಎಂದು ಹೇಳಿ ನಾಲ್ಕನೆಯ ತರಗತಿಯ ಒಂದು ಹುಡುಗಿಯನ್ನು ಕರೆದುಕೊಂಡು ಹೋದರು. ಹುಡುಗಿ ಅವರನ್ನು ಕಂಡು ನಕ್ಕಿತು, ನನಗೆ ಅಷ್ಟೇ ಸಾಕಾಯಿತು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಮೊಬೈಲ್ ನಂಬರ್ ಬರೆದುಕೊಳ್ಳಲಿಲ್ಲ. ಪಕ್ಕದ ಕೋಣೆಯಲ್ಲಿ ಅಕ್ಕಿ ಚೀಲ ಇಳಿಸುವವರು ಕೂಗುತ್ತಿದ್ದರು, ನಾನು ಆ ಕಡೆ ಹೋದೆ. ರಾತ್ರಿ ಎಂಟರ ಸುಮಾರಿಗೆ ತಾಯಿ ಬಂದು, "ಸರ್, ನೀವ ಕಳಿಸೀರಂತಲ್ರಿ, ಯಾವೂರಿಗ್ರಿ?" ಎಂದು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಕರೆಂಟ್ ಇಲ್ಲ, ಅವರ ಅಣ್ಣನ ಫೋನು ಸ್ವಿಚ್ ಆಫ್. ಮರುದಿನ ಹತ್ತು ಗಂಟೆಗೆ ಹುಡುಗಿ ಗುಳೇದಗುಡ್ಡದ ಅತ್ತೆಯ ಮನೆಯಲ್ಲಿ ಇದ್ದಾಳೆಂದು ತಿಳಿಯುವವರೆಗೆ ಆ ತಾಯಿ ಶಾಲೆಯ ಗೇಟು ಬಿಟ್ಟು ಕದಲಲಿಲ್ಲ. ಬಂದವರು ನಿಜವಾದ ಸೋದರಮಾವನೇ ಆಗಿದ್ದದ್ದು ನಮ್ಮೆಲ್ಲರ ಪುಣ್ಯ. ನನ್ನ ಜಾಣತನ ಅದರಲ್ಲಿ ಏನೂ ಇರಲಿಲ್ಲ.

ಅದೇ ವಾರ ಇನ್ನೊಂದು ಸಂಗತಿ ಬಿಸಿಯೂಟದ ಅಕ್ಕನವರ ಕಣ್ಣಿಗೆ ಬಿತ್ತು. ಹೆಣ್ಣುಮಕ್ಕಳ ಕೋಣೆಯ ಮುಂದಿನ ನೀರಿನ ಹಂಡೆ ಮಧ್ಯಾಹ್ನದ ನಂತರ ಇಳಿಯುತ್ತಲೇ ಇರಲಿಲ್ಲ. ವಿಚಾರಿಸಿದಾಗ, ದೊಡ್ಡ ಹುಡುಗಿಯರು ನಾಲ್ಕು ಗಂಟೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರೆಂದು ಗೊತ್ತಾಯಿತು. ಶೌಚಾಲಯ ಕಟ್ಟಡದ ಹಿಂದಿತ್ತು, ದಾರಿಯಲ್ಲಿ ದೀಪವಿರಲಿಲ್ಲ, ಕಂಪೌಂಡ್ ಗೋಡೆಯ ಮೇಲೆ ಯಾವ ಊರಿನವರೋ ನಾಲ್ಕೈದು ಹುಡುಗರು ಮೊಬೈಲ್ ಹಿಡಿದು ಕೂರುತ್ತಿದ್ದರು. ಯಾವ ಹುಡುಗಿಯೂ ನಮ್ಮಲ್ಲಿ ದೂರು ಹೇಳಿರಲಿಲ್ಲ. ಆ ರಾತ್ರಿಯೇ ದಾರಿಗೆ ಎರಡು ಸೋಲಾರ್ ದೀಪ ಕಟ್ಟಿದೆವು, ಸ್ವಸಹಾಯ ಸಂಘದ ಮಹಿಳೆಯರು ಸರದಿಯಂತೆ ಅಲ್ಲಿ ಕೂತರು, ಹುಡುಗರನ್ನು ಪೊಲೀಸರು ಕಳಿಸಿದರು. ಮರುದಿನ ಸಂಜೆ ಹಂಡೆಯನ್ನು ಎರಡು ಸಲ ತುಂಬಿಸಬೇಕಾಯಿತು. ನೆರೆಯ ಬಗ್ಗೆ ನಾನು ಕಲಿತ ಪಾಠಗಳಲ್ಲಿ ಆ ಹಂಡೆಯದೇ ದೊಡ್ಡದು ಎಂದು ಈಗಲೂ ಅನ್ನಿಸುತ್ತದೆ: ಮಕ್ಕಳು ಬಾಯಿಬಿಟ್ಟು ಹೇಳುವ ಮೊದಲು ಅವರ ಊಟ, ನೀರು, ನಿದ್ದೆ ಹೇಳುತ್ತವೆ.

ನೀರು ಇಳಿದ ಮೇಲೆ ಬಂದವರ ಬಗ್ಗೆಯೂ ಹೇಳಬೇಕು. ಬಿಳಿ ಕಾರಿನಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಒಂದು ಕಟ್ಟು ಫಾರ್ಮುಗಳೊಂದಿಗೆ ಬಂದ ಒಬ್ಬರು, ದೂರದ ಪಟ್ಟಣದ ಹಾಸ್ಟೆಲ್ಲಿನಲ್ಲಿ ಹೆಣ್ಣುಮಕ್ಕಳಿಗೆ ಊಟ, ಬಟ್ಟೆ, ಇಂಗ್ಲಿಷ್ ಮೀಡಿಯಂ ಶಿಕ್ಷಣ ಎಲ್ಲವೂ ಉಚಿತ ಎಂದು ಮನೆ ಕಳೆದುಕೊಂಡ ಮೂರು ಕುಟುಂಬಗಳಿಗೆ ಹೇಳಿದ್ದರು. ಆಧಾರ್ ಪ್ರತಿಗಳನ್ನು ಸಂಗ್ರಹಿಸಿಯೂ ಆಗಿತ್ತು. ಸಂಸ್ಥೆಯ ನೋಂದಣಿ ಪತ್ರ ತೋರಿಸಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರಿಗೆ ಒಂದು ಫೋನ್ ಮಾಡೋಣ ಎಂದು ನಮ್ಮ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಮೃದುವಾಗಿಯೇ ಕೇಳಿದರು. ನಾಳೆ ಬರುತ್ತೇನೆ ಎಂದು ಹೋದವರು ಮತ್ತೆ ಬರಲಿಲ್ಲ. ಅವರು ಯಾರು, ಏನು ಉದ್ದೇಶ ಎಂಬುದು ಕೊನೆಗೂ ಗೊತ್ತಾಗಲಿಲ್ಲವಾದ್ದರಿಂದ ಅವರನ್ನು ಕೆಟ್ಟವರು ಎಂದು ನಾನು ಕರೆಯಲಾರೆ. ಒಳ್ಳೆಯ ಕೆಲಸಕ್ಕೆ ಬಂದವರಾಗಿದ್ದರೆ ಆ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವುದು ಕಷ್ಟವಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಇದು ನಮ್ಮ ಹೊಳೆಯ ದಂಡೆಗೆ ಮಾತ್ರ ಸೇರಿದ ಅಂಜಿಕೆಯಲ್ಲ. 2010ರ ಜನವರಿಯಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದ ಕೆಲವೇ ದಿನಗಳಲ್ಲಿ, ಹತ್ತು ಮಂದಿ ಅಮೆರಿಕನ್ನರ ಒಂದು ತಂಡ ಅನಾಥರೆಂದು ಹೇಳಿ 33 ಮಕ್ಕಳನ್ನು ಕಾಗದಪತ್ರವಿಲ್ಲದೆ ಗಡಿ ದಾಟಿಸಲು ಹೋಗಿ ಸಿಕ್ಕಿಬಿತ್ತು. ಆ ಮಕ್ಕಳಲ್ಲಿ ಬಹಳಷ್ಟು ಮಂದಿಯ ತಂದೆ ತಾಯಿ ಬದುಕಿದ್ದರು. ಓದಿಸುತ್ತೇವೆ ಎಂಬ ಮಾತನ್ನು ನಂಬಿ ಅವರೇ ಕೈಯಾರೆ ಕಳಿಸಿದ್ದರು. 2004ರ ಸುನಾಮಿಯ ನಂತರ ಇಂಡೋನೇಷ್ಯಾ ಸರ್ಕಾರ 16 ವರ್ಷದೊಳಗಿನ ಮಕ್ಕಳು ಹೆತ್ತವರಿಲ್ಲದೆ ಅಚೆ ಪ್ರಾಂತ್ಯವನ್ನು ಬಿಟ್ಟು ಹೋಗದಂತೆ ತಡೆ ಹಾಕಿತು. 2015ರ ಭೂಕಂಪದ ನಂತರ ನೇಪಾಳವೂ ಅಂಥದೇ ಕ್ರಮ ಕೈಗೊಂಡಿತು. 2021ರಲ್ಲಿ ಕೋವಿಡ್ ಎರಡನೆಯ ಅಲೆಯಲ್ಲಿ "ಎರಡು ದಿನದ ಕೂಸು, ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದಾರೆ, ದತ್ತು ಬೇಕಾದವರು ಈ ನಂಬರಿಗೆ ಕರೆ ಮಾಡಿ" ಎಂಬಂಥ ಸಂದೇಶಗಳು ನಮ್ಮ ನಿಮ್ಮ ವಾಟ್ಸಾಪಿಗೂ ಬಂದಿದ್ದವು. ಮರುಕದಿಂದ ನಾವು ಅವನ್ನು ಮುಂದಕ್ಕೆ ಕಳಿಸಿದೆವು. ಹಾಗೆ ದತ್ತು ಕೊಡುವುದೂ ಪಡೆಯುವುದೂ ಕಾನೂನುಬಾಹಿರವೆಂದು ಆಗ ಸರ್ಕಾರ ಎಚ್ಚರಿಸಬೇಕಾಯಿತು. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಒಬ್ಬಂಟಿಯಾಗಿ ಸಿಕ್ಕ ಮಗುವಿನ ಬಗ್ಗೆ 24 ಗಂಟೆಯೊಳಗೆ ಪೊಲೀಸರಿಗೋ ಮಕ್ಕಳ ಸಹಾಯವಾಣಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು. ಪಾಪವೆಂದು ಮನೆಯಲ್ಲಿಟ್ಟುಕೊಂಡು ಸಾಕುವುದು ಒಳ್ಳೆಯ ಮನಸ್ಸಿನ ಕೆಲಸವೇ ಇರಬಹುದು, ಆದರೆ ಆ ಮಗುವನ್ನು ಎಲ್ಲೋ ಒಬ್ಬ ತಾಯಿ ಹುಡುಕುತ್ತಿರಬಹುದು.

ಇನ್ನು ಬರೆಯಲು ಮುಜುಗರವಾಗುವ ಮಾತು. 2002ರಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾ, ಗಿನಿ, ಸಿಯೆರಾ ಲಿಯೋನ್ ದೇಶಗಳ ನಿರಾಶ್ರಿತರ ಶಿಬಿರಗಳಲ್ಲಿ, ಕಾಳು ಹಂಚುವ ಅಧಿಕಾರವಿದ್ದವರೇ ಹುಡುಗಿಯರನ್ನು ಲೈಂಗಿಕವಾಗಿ ಬಳಸಿಕೊಳ್ಳುತ್ತಿದ್ದಾರೆಂಬ ವರದಿ ಹೊರಬಿತ್ತು. ಮರುವರ್ಷವೇ ವಿಶ್ವಸಂಸ್ಥೆ ತನ್ನ ಸಿಬ್ಬಂದಿಗೆ ಕಟ್ಟುನಿಟ್ಟಿನ ನಿಯಮ ಮಾಡಿತು: 18 ವರ್ಷದೊಳಗಿನವರೊಂದಿಗೆ ಯಾವುದೇ ಲೈಂಗಿಕ ವರ್ತನೆ ಕೂಡದು, ವಯಸ್ಸು ಗೊತ್ತಿರಲಿಲ್ಲ ಎಂಬ ನೆಪ ನಡೆಯದು. ಪರಿಹಾರದ ಕಿಟ್, ಟೋಕನ್, ಮನೆ ಹಾನಿಯ ಪಟ್ಟಿಯಲ್ಲಿ ಹೆಸರು, ಇವು ಯಾವುವೂ ಯಾರ ಉಪಕಾರವೂ ಅಲ್ಲ, ನಿಮಗೆ ಸಲ್ಲಬೇಕಾದದ್ದು. ಅದಕ್ಕೆ ಪ್ರತಿಯಾಗಿ ಮಗುವನ್ನು ಒಂಟಿಯಾಗಿ ಕಳಿಸಿ ಎಂದವರು, ಫೋಟೊ ಕೇಳಿದವರು, ಮೈ ಮುಟ್ಟಿದವರು ಯಾರೇ ಆಗಿರಲಿ, ಸರ್ಕಾರಿ ನೌಕರರಿರಲಿ, ಸ್ವಯಂಸೇವಕರಿರಲಿ, ಊರ ಮುಖಂಡರಿರಲಿ, ನಮ್ಮ ಶಾಲೆಯ ಸಿಬ್ಬಂದಿಯೇ ಇರಲಿ, ಅದು ಅಪರಾಧ. ದಯವಿಟ್ಟು ಕಿಟ್ ತರಲು ಮಕ್ಕಳನ್ನು ಒಂಟಿಯಾಗಿ ಸಾಲಿಗೆ ನಿಲ್ಲಿಸಬೇಡಿ.

ನಮ್ಮೂರಿಗೆ ನೀರು ಬಂದ ಅದೇ 2019ರ ಆಗಸ್ಟ್‌ನಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಗೆ ಒಂದು ತಿದ್ದುಪಡಿ ಜಾರಿಗೆ ಬಂದಿತು. ಪ್ರಕೃತಿ ವಿಕೋಪದ ಸಮಯದಲ್ಲಿ ಮಗುವಿನ ಮೇಲೆ ನಡೆಸುವ ಲೈಂಗಿಕ ದೌರ್ಜನ್ಯವನ್ನು ಅದು ಉಗ್ರ ಸ್ವರೂಪದ ಅಪರಾಧಗಳ ಸಾಲಿಗೆ ಸೇರಿಸಿತು. ಅತ್ಯಾಚಾರವಾದರೆ ಕನಿಷ್ಠ 20 ವರ್ಷ ಸೆರೆ. ಈ ಕಾಯ್ದೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಂದೇ. "ಗಂಡ್ಹುಡುಗ, ಅವನಿಗೇನಾಗ್ತದ" ಎಂದು ಎಲ್ಲೋ ಒಂದು ಕಡೆ ಮಲಗಲು ಬಿಡುವ ರೂಢಿ ನಮ್ಮಲ್ಲಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಸಂಗತಿ ಗೊತ್ತಿದ್ದೂ ತಿಳಿಸದೆ ಮುಚ್ಚಿಡುವುದು ಕೂಡ ಶಿಕ್ಷಾರ್ಹ, ಹಾಗಾಗಿ ಇಂಥ ವಿಷಯವನ್ನು ಹಿರಿಯರ ಪಂಚಾಯಿತಿಯಲ್ಲಿ ಮುಗಿಸೋಣ ಎಂಬ ಮಾತಿಗೆ ನಾನು ಕೂರಲಾರೆ. ಪೊಲೀಸ್ ಠಾಣೆಯ ಅಂಜಿಕೆಯೂ ಬೇಡ: ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಇಷ್ಟಪಟ್ಟ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಪಡೆಯಬೇಕು, ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಹೆಸರು, ಫೋಟೊ, ಶಾಲೆಯ ಗುರುತು ಪತ್ರಿಕೆಯಲ್ಲಿ ಬರುವಂತಿಲ್ಲ.

ಮಗು ಬಂದು ಏನಾದರೂ ಹೇಳಿದರೆ, ಅದು ಅರ್ಧಂಬರ್ಧವೇ ಇದ್ದರೂ, ಮೊದಲು ಕೇಳಿಸಿಕೊಳ್ಳಿ. "ನೀ ಯಾಕ ಅಲ್ಲಿಗೆ ಹೋಗಿದ್ದಿ?" ಎಂಬುದು ನಮ್ಮ ಬಾಯಿಗೆ ತಾನಾಗಿ ಬರುವ ಪ್ರಶ್ನೆ, ಅದನ್ನು ಕೇಳಿದ ಕ್ಷಣವೇ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ನೀನು ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪಿಲ್ಲ ಎಂದು ಹೇಳಿ, ಮತ್ತೆ ಮತ್ತೆ ಬಿಡಿಸಿ ಕೇಳದೆ, ಅಂದೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಮಾಡಿದರೂ ದುಡ್ಡು ಬೀಳುವುದಿಲ್ಲ. ತುರ್ತು ಇದ್ದರೆ 112.

ನೆರೆಯ ವರ್ಷದಲ್ಲಿ ಮಕ್ಕಳನ್ನು ಕಳೆದುಕೊಳ್ಳುವ ಇನ್ನೆರಡು ದಾರಿಗಳಿವೆ, ಅವು ಮನೆಯೊಳಗಿಂದಲೇ ಹೊರಡುತ್ತವೆ. ಬೆಳೆ ಹೋಯಿತು, ಗೋಡೆ ಬಿತ್ತು, ಸಂಬಂಧಿಕರು ಹೇಗೂ ಕೂಡಿದ್ದಾರೆ ಎಂದು ಹದಿನಾಲ್ಕು, ಹದಿನೈದರ ಹುಡುಗಿಯ ಅಕ್ಷತೆಯನ್ನು ಗುಡಿಯಲ್ಲಿ ಮುಗಿಸಿಬಿಡುವುದು ಒಂದು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು, ಮಾಡಿಸಿದವರೆಲ್ಲರ ಮೇಲೂ ಪ್ರಕರಣ ದಾಖಲಾಗುತ್ತದೆ. ಮುಂಗಡ ತೆಗೆದುಕೊಂಡು ಮಕ್ಕಳನ್ನು ಗೋವಾಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಕೆಲಸಕ್ಕೆ ಕಳಿಸುವುದು ಇನ್ನೊಂದು. ಕಷ್ಟ ಏನೆಂದು ತಿಳಿಯದೆ ಬರೆಯುತ್ತಿಲ್ಲ. ಆದರೆ ಕಳಿಸುವ ಮೊದಲು ಒಮ್ಮೆ ಶಾಲೆಗೆ ಬಂದು ಮಾತಾಡಿ. ಪ್ರಕೃತಿ ವಿಕೋಪಕ್ಕೆ ತುತ್ತಾದ ಮಗುವನ್ನು ಬಾಲನ್ಯಾಯ ಕಾಯ್ದೆ ಪೋಷಣೆ ಮತ್ತು ರಕ್ಷಣೆ ಬೇಕಾದ ಮಗು ಎಂದೇ ಕರೆಯುತ್ತದೆ. ಮಕ್ಕಳ ರಕ್ಷಣೆಗಾಗಿ ಇರುವ ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಯೋಜನೆಯ ಪ್ರಾಯೋಜಕತ್ವದಲ್ಲಿ, ಅರ್ಹತೆ ಇದ್ದ ಕುಟುಂಬಕ್ಕೆ ಮಗುವಿನ ಓದಿಗೆಂದು ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಅರ್ಜಿ ತುಂಬುವುದನ್ನು, ಬಾಗಲಕೋಟೆಯ ಮಕ್ಕಳ ರಕ್ಷಣಾ ಘಟಕಕ್ಕೆ ತಲುಪಿಸುವುದನ್ನು ನಾವು ಮಾಡಿಕೊಡುತ್ತೇವೆ.

ಈ ಸಲ ಶಾಲೆ ಕಾಳಜಿ ಕೇಂದ್ರವಾದರೆ ಗೇಟಿನ ಬಳಿ ಒಂದು ರಿಜಿಸ್ಟರ್ ಇರುತ್ತದೆ. ಮಗುವನ್ನು ಕರೆದೊಯ್ಯುವವರು ತಂದೆ ತಾಯಿಯೇ ಆಗಿದ್ದರೂ ಸಹಿ ಮಾಡಬೇಕು. ಬೇಸರ ಮಾಡಿಕೊಳ್ಳಬೇಡಿ, ಕೇಳುವ ಶಿಕ್ಷಕಿಗೆ ನಾನೇ ಹಾಗೆ ಹೇಳಿರುತ್ತೇನೆ. ಒಬ್ಬಂಟಿಯಾಗಿ ಬಂದ ಮಕ್ಕಳು ನನ್ನ ಕೋಣೆಯ ಪಕ್ಕದಲ್ಲಿ ಇಬ್ಬರು ಮಹಿಳೆಯರ ಜೊತೆ ಇರುತ್ತಾರೆ, ಒಬ್ಬರ ಜೊತೆ ಮಾತ್ರ ಬಿಡುವುದಿಲ್ಲ. ದಾನಿಗಳು ಕಿಟ್ ಕೊಡುವಾಗ ಮಕ್ಕಳ ಮುಖದ ಫೋಟೊ ತೆಗೆದು ಊರಿನ ಹೆಸರಿನ ಜೊತೆ ಹಾಕುವುದಕ್ಕೆ ಅನುಮತಿ ಇಲ್ಲ. ಕಳೆದ ಸಲ ನಾನೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆಸಿದ್ದೆ.

ಪತ್ರದ ಜೊತೆ ಒಂದು ಚೀಟಿ ಲಗತ್ತಿಸಿದೆ. ನೀವು ಇಲ್ಲದ ಹೊತ್ತಿನಲ್ಲಿ ನಿಮ್ಮ ಮಗುವನ್ನು ಯಾರ ಕೈಗೆ ಒಪ್ಪಿಸಬಹುದು ಎಂಬ ಇಬ್ಬರ ಹೆಸರು, ಊರು, ಮೊಬೈಲ್ ನಂಬರ್ ಅದರಲ್ಲಿ ಬರೆಯಿರಿ. ಬರೆಯುವ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವರ ಜೊತೆ ಹೋಗಲು ನಿನಗೆ ಒಪ್ಪಿಗೆಯೇ ಎಂದು ಕೇಳಿ. ಮಗು ಒಂದು ಹೆಸರಿಗೆ ಬೇಡವೆಂದರೆ ಕಾರಣ ಹೇಳೆಂದು ಒತ್ತಾಯಿಸಬೇಡಿ, ಆ ಹೆಸರನ್ನು ಬಿಟ್ಟು ಬೇರೆಯದನ್ನು ಬರೆಯಿರಿ. ಸಣ್ಣ ಮಕ್ಕಳಿಗೆ ತಂದೆ ತಾಯಿಯ ಪೂರ್ತಿ ಹೆಸರು ಮತ್ತು ಒಂದು ಫೋನ್ ನಂಬರ್ ಬಾಯಿಪಾಠ ಮಾಡಿಸಿ. ಒಂದನೆಯ ಮತ್ತು ಎರಡನೆಯ ತರಗತಿಯಲ್ಲಿ ಮಗ್ಗಿಯ ಜೊತೆ ನಾವೂ ದಿನಾಲೂ ಹೇಳಿಸುತ್ತಿದ್ದೇವೆ. ತುಂಬಿದ ಚೀಟಿಯನ್ನು ಶನಿವಾರ ಬೆಳಿಗ್ಗೆ ಹತ್ತೂವರೆಯ ಪಾಲಕರ ಸಭೆಗೆ ನೀವೇ ತನ್ನಿ, ಮಕ್ಕಳ ಕೈಯಲ್ಲಿ ಕಳಿಸಬೇಡಿ. ಅಂದು ಗ್ರಾಮ ಪಂಚಾಯಿತಿಯ ಪಿಡಿಒ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರೂ ಬರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು