ಏರ್ ಫ್ರೈಯರ್ ಕೊಳ್ಳಬೇಕೆಂದಿರುವ ಗೆಳೆಯನಿಗೊಂದು ಪತ್ರ

ಸಾಗರ,
ಆಷಾಢದ ಒಂದು ಮಳೆಯ ಸಂಜೆ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ವೈದ್ಯರು ಕರಿದ ತಿಂಡಿ ಕಡಿಮೆ ಮಾಡಲು ಹೇಳಿದ್ದರಿಂದ ಶಿವಮೊಗ್ಗದ ನಿಮ್ಮ ಮನೆಗೆ ಏರ್ ಫ್ರೈಯರ್ ತರುವ ಯೋಚನೆ ನಿನಗಿದೆಯೆಂದೂ, ಅತ್ತಿಗೆಗೆ ಮಾತ್ರ ಅದರ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲವೆಂದೂ ಬರೆದಿದ್ದೀಯೆ. ಮಗಳು ಬೆಂಗಳೂರಿನಿಂದ ಹೊತ್ತು ತಂದ ಆ ಯಂತ್ರ ನಮ್ಮ ಅಡುಗೆಮನೆಯಲ್ಲಿ ಕುಳಿತು ಒಂದೂವರೆ ವರ್ಷವಾಯಿತು. ಆದ್ದರಿಂದ ನನ್ನ ಅನುಭವಕ್ಕೆ ಬಂದದ್ದನ್ನು ಹೇಳುತ್ತೇನೆ. ಅತ್ತಿಗೆಗೂ ಓದಿ ಹೇಳು.

ಮೊದಲನೆಯದಾಗಿ, ಅದರ ಹೆಸರನ್ನು ನಂಬಬೇಡ. ನಮ್ಮ ಭಾಷೆಯಲ್ಲಿ ಕರಿಯುವುದು ಬೇರೆ, ಹುರಿಯುವುದು ಬೇರೆ, ಸುಡುವುದು ಬೇರೆ. ಇಂಗ್ಲಿಷಿನವರಿಗೆ ಬಾಣಲೆ ತುಂಬ ಎಣ್ಣೆಯಲ್ಲಿ ಮುಳುಗಿಸಿದರೂ ಫ್ರೈ, ಕಾವಲಿಯ ಮೇಲೆ ಒಂದು ಚಮಚ ಎಣ್ಣೆಯಲ್ಲಿ ಮಗುಚಿದರೂ ಫ್ರೈ. 2010ರಲ್ಲಿ ಫಿಲಿಪ್ಸ್ ಕಂಪನಿ ಏರ್ ಫ್ರೈಯರ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗ ಒಳಗಿದ್ದದ್ದು ಬೇಕರಿಯ ಒಲೆಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ಉಪಾಯ: ಮೇಲೊಂದು ಕಾಯುವ ಕಾಯಿಲ್, ಅದರ ಬಿಸಿಯನ್ನು ರಭಸದಿಂದ ಸುತ್ತಿಸುವ ಫ್ಯಾನು, ಕೆಳಗೆ ತೂತುಗಳಿರುವ ಬುಟ್ಟಿ. ಅಂದರೆ ಇದು ಗಾಳಿ ಬೀಸುವ ಪುಟ್ಟ ಒಲೆಯೇ ಹೊರತು ಬಾಣಲೆಯಲ್ಲ. ಇದು ಗೊತ್ತಿಲ್ಲದೆ ಕೊಂಡವರು ಎರಡೇ ತಿಂಗಳಲ್ಲಿ ಅದನ್ನು ಅಟ್ಟಕ್ಕೇರಿಸುತ್ತಾರೆ.

ನಾವೂ ಆ ತಪ್ಪು ಮಾಡಿದೆವು. ಮೊದಲ ದಿನವೇ ಬಾಳೆಕಾಯಿ ಬಜ್ಜಿಗೆ ಹಿಟ್ಟು ಕಲಸಿ, ಹೋಳುಗಳನ್ನು ಅದ್ದಿ ಬುಟ್ಟಿಯಲ್ಲಿಟ್ಟೆವು. ಹದಿನೈದು ನಿಮಿಷದ ಮೇಲೆ ಎಳೆದು ನೋಡಿದರೆ ಬುಟ್ಟಿಯಲ್ಲಿ ಬೋಳು ಬಾಳೆಕಾಯಿ, ಕೆಳಗಿನ ತಟ್ಟೆಯಲ್ಲಿ ಕಡಲೆಹಿಟ್ಟಿನ ದೋಸೆ! ಕಾರಣ ಸರಳವಾಗಿದೆ. 180 ಡಿಗ್ರಿಗೆ ಕಾದ ಎಣ್ಣೆಗೆ ಬಿದ್ದ ಹಿಟ್ಟಿನ ಮೇಲ್ಮೈ ಕ್ಷಣಮಾತ್ರದಲ್ಲಿ ಗಟ್ಟಿಯಾಗುತ್ತದೆ, ಅದರ ನೀರು ಆವಿಯಾಗಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ಅಷ್ಟೇ ಬಿಸಿಯ ಗಾಳಿಗೆ ಶಾಖವನ್ನು ಅಷ್ಟು ಬೇಗ ದಾಟಿಸುವ ಶಕ್ತಿಯಿಲ್ಲದಿರುವುದರಿಂದ ಹಿಟ್ಟು ಗಟ್ಟಿಯಾಗುವುದರೊಳಗೆ ಸೋರಿಹೋಗುತ್ತದೆ. ಚಕ್ಕುಲಿ ಸೋರಲಿಲ್ಲ, ಆದರೆ ಒಣಗಿದ ಕಡ್ಡಿಯಂತಾಯಿತು. ಬಜ್ಜಿ, ಬೋಂಡಾ, ವಡೆ, ಚಕ್ಕುಲಿಗಳಿಗಾಗಿ ಈ ಯಂತ್ರವನ್ನು ಕೊಳ್ಳುವುದಾದರೆ ದಯವಿಟ್ಟು ಕೊಳ್ಳಬೇಡ.

ಹಾಗಾದರೆ ಅದು ಯಾವುದಕ್ಕೆ ಒದಗುತ್ತದೆ ಎಂದು ಕೇಳುತ್ತೀಯೆ. ನಿನ್ನ ಬಾಲ್ಯದ ಅಡುಗೆಮನೆಯನ್ನು ನೆನಪಿಸಿಕೊ. ಕರಿಯುವುದು ಹಬ್ಬಕ್ಕೆ, ನೆಂಟರು ಬಂದಾಗ. ದಿನವೂ ನಡೆಯುತ್ತಿದ್ದದ್ದು ಕೆಂಡದಲ್ಲಿ ಸುಡುವುದು. ಗೊಜ್ಜಿಗೆ ಬದನೆಕಾಯಿ ಸುಡುತ್ತಿದ್ದರು, ಹಲಸಿನ ಬೀಜ ಸುಡುತ್ತಿದ್ದರು, ಹಲಸಿನ ಹಪ್ಪಳ ಸುಟ್ಟು ಕೊಬ್ಬರಿ ಎಣ್ಣೆ ಸವರಿ ತೆಂಗಿನಕಾಯಿ ಚೂರಿನ ಜೊತೆ ಕೊಡುತ್ತಿದ್ದರು. ಒಲೆಯ ಜೊತೆ ಕೆಂಡವೂ ಹೋಯಿತು. ಈ ಯಂತ್ರ ಮರಳಿ ಕೊಡುವುದು ಆ ಕೆಂಡದ ಕೆಲಸವನ್ನು. ಬದನೆಕಾಯಿಗೆ ಎಣ್ಣೆ ಸವರಿ, ನಾಲ್ಕು ಕಡೆ ಚುಚ್ಚಿ 200 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಸಿಪ್ಪೆ ತಾನಾಗಿ ಬಿಡುತ್ತದೆ. ಹೊಗೆಯ ಪರಿಮಳ ಬರುವುದಿಲ್ಲ; ಆ ಕೊರತೆಯನ್ನು ನಾನು ಮುಚ್ಚಿಡುವುದಿಲ್ಲ. ಹಲಸಿನ ಬೀಜವನ್ನು ಒಂದು ಬದಿ ಸೀಳದೆ ಇಟ್ಟರೆ ಒಳಗೇ ಸಿಡಿಯುತ್ತದೆ, ಸೀಳಿ ಇಟ್ಟರೆ ಕೆಂಡದ್ದಕ್ಕಿಂತ ಸಮವಾಗಿ ಬೇಯುತ್ತದೆ. ಹಪ್ಪಳದ ವಿಷಯದಲ್ಲಿ ಒಂದು ಎಚ್ಚರಿಕೆ: ಫ್ಯಾನಿನ ಗಾಳಿಗೆ ಅದು ಹಾರಿ ಕಾಯಿಲಿಗೆ ತಗಲುತ್ತದೆ. ನಮ್ಮದು ಹಾರಿತು, ಮನೆಯೆಲ್ಲ ಸೀದ ವಾಸನೆ ತುಂಬಿತು. ಈಗ ಮೇಲೊಂದು ತಂತಿಯ ಸ್ಟ್ಯಾಂಡ್ ಹೇರಿ ಇಡುತ್ತೇವೆ.

ಜೀಗುಜ್ಜೆಯ, ಅಂದರೆ ದೀವಿಹಲಸಿನ, ಹೋಳುಗಳ ನೀರನ್ನು ಬಟ್ಟೆಯಲ್ಲಿ ಒರೆಸಿ, ಉಪ್ಪು ಖಾರ ಹಚ್ಚಿ, ಎರಡು ಚಮಚ ಎಣ್ಣೆಯಲ್ಲಿ ಕೈಯಾಡಿಸಿ, ರವೆಯಲ್ಲಿ ಹೊರಳಿಸಿ 180 ಡಿಗ್ರಿಯಲ್ಲಿಟ್ಟು, ನಡುವೆ ಒಮ್ಮೆ ಮಗುಚಿದರೆ ಕಾವಲಿಯದ್ದಕ್ಕೆ ಸಾಟಿಯಾಗುತ್ತದೆ. ಹೋಳುಗಳು ಒಂದರ ಮೇಲೊಂದು ಕೂರಬಾರದು. ಗಾಳಿ ಆಡಲು ಜಾಗವಿಲ್ಲದಿದ್ದರೆ ಅವು ಗರಿಗರಿಯಾಗದೆ ಬೆಂದು ಮೆತ್ತಗಾಗುತ್ತವೆ. ಎಣ್ಣೆ ಪೂರ್ತಿ ಬೇಡವೆಂದು ಬಿಟ್ಟರಂತೂ ರವೆ ರವೆಯಾಗಿಯೇ ಉಳಿಯುತ್ತದೆ.

ಆದರೆ ಈ ಯಂತ್ರಕ್ಕೆ ನಾನು ನಿಜವಾಗಿ ಸೋತದ್ದು ಮಳೆಗಾಲದಲ್ಲಿ. ಜೂನ್ ಕಳೆಯಿತೆಂದರೆ ನಮ್ಮ ಕಡೆ ಡಬ್ಬದಲ್ಲಿಟ್ಟ ಚಿಪ್ಸ್, ಅವಲಕ್ಕಿ, ಶೇಂಗಾ ಎಲ್ಲವೂ ಮೆತ್ತಗಾಗುತ್ತವೆ. ಹಿಂದೆ ಒಲೆಯ ಮೇಲಿನ ಅಟ್ಟದ ಬಿಸಿಯಲ್ಲಿ ಡಬ್ಬಗಳನ್ನು ಬೆಚ್ಚಗೆ ಇಡುತ್ತಿದ್ದರು. ಗ್ಯಾಸಿನ ಮನೆಗಳಲ್ಲಿ ಅದಕ್ಕೆ ಸಮನಾದದ್ದು ಬಂದೇ ಇರಲಿಲ್ಲ. ಮೆತ್ತಗಾದ ಬಾಳೆಕಾಯಿ ಚಿಪ್ಸನ್ನು 150 ಡಿಗ್ರಿಯಲ್ಲಿ ಮೂರು ನಿಮಿಷ ಇಟ್ಟು, ಆರಿದ ಮೇಲೆ ತಿಂದು ನೋಡು. ಬಿಸಿಯಲ್ಲೇ ಡಬ್ಬಕ್ಕೆ ತುಂಬಿದರೆ ಮತ್ತೆ ಬೆವರುತ್ತದೆ.

ಆರೋಗ್ಯದ ಮಾತಿಗೆ ಬರುತ್ತೇನೆ. ಎಣ್ಣೆ ಕಡಿಮೆಯಾಗುವುದು ನಿಜ. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಲಾಭವೆಂದರೆ, ಕರಿದು ಉಳಿದ ಎಣ್ಣೆಯನ್ನು ನಾಳೆ ಒಗ್ಗರಣೆಗೆ, ನಾಡಿದ್ದು ಮತ್ತೆ ಕರಿಯಲು ಬಳಸುವ ನಮ್ಮ ಮನೆಗಳ ಅಭ್ಯಾಸ ತಪ್ಪಿದ್ದು. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದು ಒಡೆದು, ಪೋಲಾರ್ ಸಂಯುಕ್ತಗಳೆಂಬ ಬೇಡದ ವಸ್ತುಗಳು ಹೆಚ್ಚುತ್ತವೆ. ಕರಿಯುವ ಎಣ್ಣೆಯಲ್ಲಿ ಅವು ಶೇ. 25 ಮೀರಬಾರದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ಹೋಟೆಲುಗಳಿಗೆ ಮಿತಿ ಹಾಕಿದೆ; ಮನೆಯ ಬಾಣಲೆಯನ್ನು ಅಳೆಯುವವರು ಯಾರು? ಹಾಗೆಂದು ಯಂತ್ರದಲ್ಲಿ ಮಾಡಿದ್ದೆಲ್ಲ ಪಥ್ಯವೆಂದು ತಿಳಿಯಬೇಡ. ಆಲೂಗಡ್ಡೆಯಂತಹ ಪಿಷ್ಟದ ಪದಾರ್ಥಗಳನ್ನು 120 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಬೇಯಿಸಿದಾಗ ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಅಕ್ರಿಲಮೈಡ್ ಎಂಬ ವಸ್ತು ಹುಟ್ಟುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತಿಳಿಸಿದರು. ಅದು ಎಣ್ಣೆಯಿಂದಲ್ಲ, ಬಿಸಿಯಿಂದ ಹುಟ್ಟುವುದು. ಆದ್ದರಿಂದ ಇಲ್ಲಿಯೂ ಹೊಂಬಣ್ಣಕ್ಕೆ ನಿಲ್ಲಿಸಬೇಕು, ಕಂದಾಗಲು ಬಿಡಬಾರದು.

ಕರೆಂಟಿನ ವಿಷಯ ಬೇಗ ಮುಗಿಸುತ್ತೇನೆ. ನಮ್ಮದು 1,500 ವಾಟಿನದು. ಇಪ್ಪತ್ತು ನಿಮಿಷ ಎಡೆಬಿಡದೆ ಕಾದರೂ ಅರ್ಧ ಯೂನಿಟ್ಟು. ಆರೂವರೆ ಆಂಪಿಯರ್ ಎಳೆಯುವುದರಿಂದ ಮಿಕ್ಸಿಯ ಸಣ್ಣ ಸಾಕೆಟ್ಟಿಗೆ ಹಾಕದೆ 16 ಆಂಪಿಯರಿನದಕ್ಕೇ ಹಾಕು. ಮನೆಯ ಸಾಮಾನ್ಯ ಇನ್ವರ್ಟರ್ ಇದನ್ನು ಹೊರುವುದಿಲ್ಲ. ನಮ್ಮಂತಹ ಹಳ್ಳಿಯ ಅಂಚಿನ ಮನೆಗಳಲ್ಲಿ ಇನ್ನೊಂದು ಫಜೀತಿಯಿದೆ: ವೋಲ್ಟೇಜು 230ರಿಂದ 180ಕ್ಕೆ ಇಳಿದರೆ ಶಾಖ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಕುಗ್ಗಿ, 1,500 ವಾಟಿನ ಕಾಯಿಲು ಸುಮಾರು 900 ವಾಟಿನದಾಗುತ್ತದೆ. ಪುಸ್ತಕದಲ್ಲಿ ಬರೆದ ಹತ್ತು ನಿಮಿಷ ಇಲ್ಲಿ ಹದಿನೈದೂ ಆಗುತ್ತದೆ. ಬುಟ್ಟಿಯನ್ನು ತೆಂಗಿನ ನಾರಿನಿಂದ ಉಜ್ಜಿದರೆ ಲೇಪ ಏಳುತ್ತದೆಂದು ಕೆಲಸಕ್ಕೆ ಬರುವವರಿಗೂ ಹೇಳಿಡು.

ನಮ್ಮ ಮನೆಯಲ್ಲಿ ಊಟಕ್ಕೆ ಕೂರುವವರು ಒಂಬತ್ತು ಜನ. ನಾಲ್ಕು ಲೀಟರಿನ ಬುಟ್ಟಿಯಲ್ಲಿ ಜೀಗುಜ್ಜೆ ನಾಲ್ಕು ಸಲ ಇಡಬೇಕು. ಕೊನೆಯದು ಬರುವುದರೊಳಗೆ ಮೊದಲಿನವರು ಮಜ್ಜಿಗೆ ಅನ್ನಕ್ಕೆ ಬಂದಿರುತ್ತಾರೆ. ನಾನೇ ಕೊಳ್ಳುವುದಾಗಿದ್ದರೆ ಈ ಮನೆಗೆ ಕೊಳ್ಳುತ್ತಿರಲಿಲ್ಲ. ನೀವು ಇಬ್ಬರೇ ಇದ್ದೀರಿ, ಪೇಟೆಯಲ್ಲಿದ್ದೀರಿ, ಕೆಂಡವೂ ಇಲ್ಲ, ಅಟ್ಟವೂ ಇಲ್ಲ. ನಿಮಗೆ ಅದು ದಿನವೂ ಕೆಲಸಕ್ಕೆ ಬರುತ್ತದೆ, ಕೊಂಡುಕೊ. ಹೆಚ್ಚಿನ ಗುಂಡಿಗಳಿರುವ ದುಬಾರಿಯದು ಬೇಡ. ಬಿಸಿಗೊಂದು, ಸಮಯಕ್ಕೊಂದು ತಿರುಗಣೆ ಇದ್ದರೆ ಸಾಕು.

ಅತ್ತಿಗೆ ಇನ್ನೂ ಒಪ್ಪದಿದ್ದರೆ ಚೌತಿಗೆ ಇಬ್ಬರೂ ಬನ್ನಿ. ಚಕ್ಕುಲಿ ಎಂದಿನಂತೆ ಬಾಣಲೆಯಲ್ಲೇ ಆಗುತ್ತದೆ, ಅದರಲ್ಲಿ ರಾಜಿಯಿಲ್ಲ. ಕೆಮ್ಮಣ್ಣು ಹಚ್ಚಿ ಇಟ್ಟಿರುವ ಹಲಸಿನ ಬೀಜ ಅಷ್ಟು ಹೊತ್ತಿಗೂ ಉಳಿದಿರುತ್ತದೆ. ಅದನ್ನು ತೊಳೆದು, ಸೀಳಿ, ಯಂತ್ರಕ್ಕೆ ಹಾಕುವ ಕೆಲಸ ಅತ್ತಿಗೆಯದೇ ಆಗಲಿ.

ನಿನ್ನ ಗೆಳೆಯ