ಸೋಮವಾರದ ಪ್ರಾಕ್ಟಿಕಲ್‌ಗೂ ಮೊದ್ಲ ಇದನ್ನ ಓದ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ, ಧಾರವಾಡ ಎರಡೂ ಬ್ಯಾಚಿನವ್ರು ಪೂರ್ತಿ ಓದ್ರಿ, ಬರೇ ಹೆಬ್ಬೆಟ್ಟು ಒತ್ತಿ ಮುಂದ ಹೋಗಬ್ಯಾಡ್ರಿ.

ನಿನ್ನೆ ಕಳಿಸಿದ ರೀಡಿಂಗ್ ನೋಡಿದೆ. 12 ವೋಲ್ಟ್, 20 ಮಿಲಿಆಂಪ್, ರೋಧ (ರೆಸಿಸ್ಟನ್ಸ್) 0.6 ಓಮ್ ಅಂತ ಆರು ಮಂದಿ ಬರದೀರಿ. ತಪ್ಪನ್ನೂ ಕೂಡೇ ಮಾಡೀರಿ! ಮಿಲಿಆಂಪನ್ನ ಮೊದ್ಲ ಆಂಪ್ ಮಾಡ್ಕೋರಿ: 0.02. ರೋಧ ಅಂದ್ರ ವೋಲ್ಟೇಜ್ ÷ ಕರೆಂಟ್, ಈಗ 12 ÷ 0.02 = 600 ಓಮ್. ಪವರ್ ಅಂದ್ರ ವೋಲ್ಟೇಜ್ × ಕರೆಂಟ್, 12 × 0.02 = 0.24 ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ತಡಕೋತೈತಿ ಖರೆ, ಆದ್ರ ಬೆರಳಿಟ್ರ ಚುರ್ ಅಂತೈತಿ. ಅರ್ಧ ವ್ಯಾಟಿಂದು ಹಾಕ್ರಿ.

ಇನ್ನ ಕಾಯಿಲ್ ಒಲಿ. 230 ವೋಲ್ಟ್, 1000 ವ್ಯಾಟ್ ಅಂತ ಬರದಿದ್ರ ಕರೆಂಟ್ 4.35 ಆಂಪ್, ರೋಧ ಸುಮಾರು 53 ಓಮ್. ಸಂಜಿಮುಂದ ವೋಲ್ಟೇಜ್ 190ಕ್ಕ ಇಳಿತು ಅನ್ರಿ. ಕಾಯಿಲ್ ಅದ, ರೋಧ ಹೆಚ್ಚೂಕಮ್ಮಿ ಅಷ್ಟ, ಕರೆಂಟ್ ಮಾತ್ರ 3.6ಕ್ಕ ಬರ್ತೈತಿ. 190 × 3.6 = 684 ವ್ಯಾಟ್. ವೋಲ್ಟೇಜ್ ಹೋಗಿದ್ದು ಬರೇ 40, ಶಾಖ ಹೋಗಿದ್ದು ಹತ್ರಹತ್ರ ಮೂರನೇ ಒಂದು ಪಾಲು. ಚಹಾ ಕುದಿಯಾಕ ಅಷ್ಟೊತ್ತು ಹಿಡಿಯೂದು ಇದಕ್ಕ.

ಫ್ಯಾನು, ಮೋಟರಿಗೆ ಈ ಲೆಕ್ಕ ನೇರ ಹಚ್ಚಬ್ಯಾಡ್ರಿ, ಅಲ್ಲಿ ಪವರ್ ಫ್ಯಾಕ್ಟರ್ (ವೋಲ್ಟ್ × ಆಂಪ್‌ನ್ಯಾಗ ಖರೇ ಪವರ್ ಎಷ್ಟು ಪಾಲು ಅನ್ನೂದು) ಬರ್ತೈತಿ. ಅದು ಮುಂದಿನ ವಾರ.

ಮತ್ತೊಂದು. ಕರೆಂಟ್ ಅಳಿಯೂಮುಂದ ವೈರ್ ಬಿಚ್ಚಿ ಮೀಟರ್ ನಡುವ ಸೇರಿಸ್ರಿ. ಮೊನ್ನೆ ಯಾರೋ ಆಂಪ್ ರೇಂಜಿನ್ಯಾಗಿಟ್ಟು ಸೀದಾ ಬ್ಯಾಟರಿಗೆ ಹಿಡದು ಮೀಟರಿನ ಫ್ಯೂಸ್ ಹಾರಿಸ್ಯಾರ. ಹೆಸರು ಕೇಳೂದಿಲ್ಲ, ಹೊಸಾ ಫ್ಯೂಸ್ ತಂದು ಟೇಬಲ್ ಮ್ಯಾಲ ಇಡ್ರಿ, ಸಾಕು.